ಬೇಸಗೆಯ ತೆಳುವಂಗಿಯೂ ಕಾಗದದ ಮಾದರಿಯೂ

ಉಡುಪಿನ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಅದನ್ನು ತೊಟ್ಟವರ ಚರಿತ್ರೆಯನ್ನೇ ಬರೆದಿದ್ದಾರೆ. ಅರಸಿಯರ ಭಾವಚಿತ್ರಗಳು, ಆಸ್ಥಾನೋತ್ಸವಗಳ ವರ್ಣನೆಗಳು, ವಸ್ತುಸಂಗ್ರಹಾಲಯಗಳಲ್ಲಿ ಗಾಜಿನ ಹಿಂದೆ ಸುರಕ್ಷಿತವಾಗಿರುವ ರೇಷ್ಮೆಯ ನಿಲುವಂಗಿಗಳು, ಇವೆಲ್ಲ ಉಟ್ಟವರ ವೈಭವಕ್ಕೆ ಸಾಕ್ಷಿ ನುಡಿಯುತ್ತವೆಯೇ ಹೊರತು, ಆ ವಸ್ತ್ರವನ್ನು ಮೇಜಿನ ಮೇಲೆ ಹರಡಿ, ಕತ್ತರಿಯ ಬಾಯಿ ಎಲ್ಲಿಂದ ಹೊರಟು ಎಲ್ಲಿ ತಿರುಗಬೇಕೆಂಬುದನ್ನು ನಿಶ್ಚಯಿಸಿದ ಬುದ್ಧಿಯ ಮಾತನ್ನು ಎತ್ತುವುದಿಲ್ಲ. ಆ ಬುದ್ಧಿಯ ಚರಿತ್ರೆ ಬೇರೊಂದೆಡೆಯಲ್ಲಿ ಉಳಿದಿದೆ: ಹಳೆಯ ಮನೆಗಳ ಅಟ್ಟದ ಮೇಲೆ, ಹೊಲಿಗೆಯ ಪೆಟ್ಟಿಗೆಗಳ ತಳದಲ್ಲಿ, ಲಕೋಟೆಗಳೊಳಗೆ ಮಡಿಸಿಟ್ಟ, ಉಸಿರು ತಾಕಿದರೆ ಅಲುಗುವಷ್ಟು ತೆಳುವಾದ ಕಂದುಬಣ್ಣದ ಕಾಗದದ ತುಂಡುಗಳಲ್ಲಿ. ಅಮೆರಿಕ ಮತ್ತು ಯೂರೋಪು ಖಂಡಗಳಲ್ಲಿ ನೂರು ವರ್ಷಗಳಿಗೂ ಮಿಕ್ಕ ಕಾಲ ಅಸಂಖ್ಯ ಗೃಹಿಣಿಯರು ತಮ್ಮ ಮತ್ತು ತಮ್ಮ ಮಕ್ಕಳ ಉಡುಪುಗಳನ್ನು ಹೊಲಿದುಕೊಂಡದ್ದು ಈ ಕಾಗದಗಳ ನೆರವಿನಿಂದ. ಇಂದು ಅಂಥದೊಂದು ಹಳೆಯ ಮಾದರಿಯನ್ನು ಹುಡುಕಿ ತೆಗೆದು, ಅದರಂತೆ ಬೇಸಗೆಗೊಪ್ಪುವ ಹಗುರ ಅರಿವೆಯ ತೆಳುವಂಗಿಯನ್ನು ಹೊಲಿಯುವವರು, ಅರಿತೋ ಅರಿಯದೆಯೋ, ಒಂದು ದೊಡ್ಡ ವಿದ್ಯಾಪ್ರಸಾರದ ಕಥೆಯಲ್ಲಿ ಪಾಲುಗೊಳ್ಳುತ್ತಾರೆ. ಆ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳುವುದು ಈ ಲೇಖನದ ಉದ್ದೇಶ.

ಹೊಲಿಗೆಯ ವಿದ್ಯೆಯಲ್ಲಿ ದುಸ್ಸಾಧ್ಯವಾದ ಭಾಗ ಸೂಜಿಯದಲ್ಲ, ಕತ್ತರಿಯದು. ಮಗ್ಗದಿಂದ ಇಳಿದ ಬಟ್ಟೆ ಚಪ್ಪಟೆಯಾದುದು, ಚೌಕಾಕಾರವಾದುದು. ಮನುಷ್ಯದೇಹವಾದರೋ ಎಲ್ಲಿಯೂ ಚಪ್ಪಟೆಯಾಗಿಲ್ಲ, ಎಲ್ಲಿಯೂ ಚೌಕವಾಗಿಲ್ಲ. ಹೆಗಲು ಇಳಿಜಾರು, ಎದೆ ಉಬ್ಬು, ನಡು ಸಣ್ಣದು, ಕಂಕುಳು ಒಳಬಾಗಿದುದು; ಇವುಗಳೊಂದಿಗೆ ಉಸಿರಾಡುವ, ಬಾಗುವ, ಕೈಯೆತ್ತುವ ಚಲನೆಯೂ ಸೇರಿರುವುದರಿಂದ, ಚಪ್ಪಟೆ ಬಟ್ಟೆಯನ್ನು ಇಂಥ ದೇಹಕ್ಕೆ ಒಪ್ಪಿಸಬೇಕಾದವನು ರೇಖಾಗಣಿತವನ್ನು ಗ್ರಂಥದಿಂದ ಕಲಿಯದಿದ್ದರೂ ಕೈಯಿಂದಾದರೂ ಕಲಿತಿರಬೇಕು. ಆದುದರಿಂದಲೇ ಯೂರೋಪಿನಲ್ಲಿ ಕತ್ತರಿಸುವ ವಿದ್ಯೆ ಶತಮಾನಗಳ ಕಾಲ ದರ್ಜಿಗಳ ಸಂಘಗಳ ರಹಸ್ಯಧನವಾಗಿದ್ದಿತು. ಶಿಷ್ಯನಾದವನು ಗುರುವಿನ ಅಂಗಡಿಯಲ್ಲಿ ವರ್ಷಗಟ್ಟಲೆ ದುಡಿದ ಮೇಲಲ್ಲದೆ ಅದು ಅವನ ಕೈಗೆ ಬರುತ್ತಿರಲಿಲ್ಲ. 1580ರಲ್ಲಿ ಸ್ಪೇನಿನ ಮ್ಯಾಡ್ರಿಡ್ ನಗರದಲ್ಲಿ ಹುವಾನ್ ದೆ ಅಲ್ಸೇಗಾ ಎಂಬ ದರ್ಜಿಯು ಅಚ್ಚುಹಾಕಿಸಿದ ಗ್ರಂಥವು, ಇಂತಿಷ್ಟು ಅಗಲದ ಬಟ್ಟೆಯ ಮೇಲೆ ಇಂಥ ಉಡುಪಿನ ತುಂಡುಗಳನ್ನು ಹೇಗೆ ಜೋಡಿಸಿದರೆ ಬಟ್ಟೆ ಪೋಲಾಗದು ಎಂಬುದನ್ನು ಸಣ್ಣ ಚಿತ್ರಗಳ ಮೂಲಕ ತೋರಿಸಿತು. 1769ರಲ್ಲಿ ಪ್ಯಾರಿಸ್ಸಿನಲ್ಲಿ ಗಾರ್ಸೋ ಎಂಬ ವಿದ್ವಾಂಸನು ದರ್ಜಿಗಳ ಕಲೆಯನ್ನು ಕುರಿತು ಚಿತ್ರಸಮೇತವಾದ ಪ್ರಬಂಧವನ್ನು ರಚಿಸಿದನು. ಆದರೆ ಇವು ವಿದ್ಯೆ ತಿಳಿದವರಿಗೆ ನೆನಪಿನ ಓಲೆಗಳು. ತಿಳಿಯದ ಗೃಹಿಣಿಗೆ ಇವುಗಳಿಂದ ಒಂದು ತೋಳನ್ನು ಕೂಡ ಕತ್ತರಿಸಲಾಗುತ್ತಿರಲಿಲ್ಲ. ಹೆಣ್ಣಿನ ಉಡುಪನ್ನು ಹೆಣ್ಣೇ ಹೊಲಿಯುವ ಹಕ್ಕು ಕೂಡ ಸುಲಭವಾಗಿ ಬಂದುದಲ್ಲ. 1675ರಲ್ಲಿ ಹದಿನಾಲ್ಕನೆಯ ಲೂಯಿ ದೊರೆಯು ಪ್ಯಾರಿಸ್ಸಿನ ಹೊಲಿಗೆಗಾರ್ತಿಯರಿಗೆ ಪ್ರತ್ಯೇಕ ಸಂಘವನ್ನು ಕಟ್ಟಿಕೊಳ್ಳಲು ಸಮ್ಮತಿಸಿದ ಮೇಲೆಯೇ ಅಲ್ಲಿ ಅವರಿಗೆ ಆ ವೃತ್ತಿಯಲ್ಲಿ ನ್ಯಾಯಸಮ್ಮತವಾದ ಸ್ಥಾನ ದೊರಕಿತು.

ಈ ಬಿಗಿಯನ್ನು ಸಡಿಲಿಸಿದ ಶಕ್ತಿಗಳಲ್ಲಿ ನಮ್ಮ ದೇಶದ ಹತ್ತಿಯೂ ಒಂದೆಂಬುದನ್ನು ಇಲ್ಲಿ ಸ್ಮರಿಸಬೇಕು. ಹದಿನೇಳನೆಯ ಶತಮಾನದಲ್ಲಿ ಕೋರಮಂಡಲ, ಗುಜರಾತ, ಬಂಗಾಳಗಳ ಬಂದರುಗಳಿಂದ ಹೊರಟ ಚೀಟಿಬಟ್ಟೆ ಮತ್ತು ಮಲ್‌ಮಲ್‌ಗಳು ಯೂರೋಪಿನ ಜನರನ್ನು ಎಷ್ಟರಮಟ್ಟಿಗೆ ಮೋಹಗೊಳಿಸಿದುವೆಂದರೆ, ತಮ್ಮ ಉಣ್ಣೆ ರೇಷ್ಮೆಗಳ ನೇಕಾರರು ಹಾಳಾದಾರೆಂಬ ಭೀತಿಯಿಂದ ಫ್ರಾನ್ಸು 1686ರಿಂದ 1759ರವರೆಗೂ ಆ ಚೀಟಿಬಟ್ಟೆಗಳನ್ನು ನಿಷೇಧಿಸಿತು. ಇಂಗ್ಲೆಂಡು 1721ರಲ್ಲಿ ಅವುಗಳ ಬಳಕೆಯನ್ನೇ ತಡೆಯುವ ಶಾಸನವನ್ನು ಮಾಡಿತು. ನಿಷೇಧದಿಂದ ಮೋಹ ಅಳಿಯಲಿಲ್ಲ. 1783ರಲ್ಲಿ ವಿಜೇ ಲೆ ಬ್ರಂ ಎಂಬ ಚಿತ್ರಗಾರ್ತಿಯು ಫ್ರಾನ್ಸಿನ ರಾಣಿ ಮೇರಿ ಆಂತ್ವಾನೆತ್‌ಳನ್ನು ಬಿಳಿಯ ಮಲ್‌ಮಲಿನ ಸಡಿಲ ಉಡುಪಿನಲ್ಲಿ ಚಿತ್ರಿಸಿದಾಗ, ರಾಣಿಗೆ ಅದು ತಕ್ಕುದಲ್ಲವೆಂದು ಪ್ಯಾರಿಸ್ಸಿನಲ್ಲಿ ಕೋಲಾಹಲವೆದ್ದು, ಆ ಚಿತ್ರವನ್ನು ಪ್ರದರ್ಶನದಿಂದ ತೆಗೆಯಬೇಕಾಯಿತು. ಆದರೂ ತೆಳು ಹತ್ತಿಯ ಜಯವನ್ನು ಯಾರಿಂದಲೂ ತಡೆಯಲಾಗಲಿಲ್ಲ. ಉಡುಪಿನ ರಚನೆಯ ದೃಷ್ಟಿಯಿಂದ ಈ ಜಯಕ್ಕೆ ಒಂದು ವಿಶೇಷಾರ್ಥವುಂಟು. ತಿಮಿಂಗಿಲದ ಕಡ್ಡಿಗಳನ್ನಿಟ್ಟು, ದಪ್ಪ ಒಳಪದರಗಳನ್ನು ಕೊಟ್ಟು ಕಟ್ಟುವ ರೇಷ್ಮೆಯ ಕವಚಕ್ಕೆ ಪಳಗಿದ ದರ್ಜಿ ಬೇಕು. ನೆರಿಗೆ ಹಿಡಿದು, ಲಾಡಿ ಎಳೆದು ಮೈಗೊಪ್ಪಿಸುವ ಹತ್ತಿಯ ತೆಳುವಂಗಿಯನ್ನು ಮನೆಯ ಹೆಣ್ಣುಮಕ್ಕಳೇ ಸಿದ್ಧಮಾಡಿಕೊಳ್ಳಬಹುದು. ಗೃಹಿಣಿಯ ಹೊಲಿಗೆಗೆ ತಕ್ಕ ಬಟ್ಟೆ ಹೀಗೆ ಮೊದಲು ಬಂದಿತು. ಉಪಕರಣವೂ ಉಪದೇಶವೂ ಆ ಬಳಿಕ ಬಂದುವು.

ಉಪಕರಣವೆಂದರೆ ಹೊಲಿಗೆಯಂತ್ರ. ಫ್ರಾನ್ಸಿನ ತಿಮೋನ್ಯೇ ಎಂಬ ದರ್ಜಿಯು 1830ರಲ್ಲಿ ಸನ್ನದು ಪಡೆದು ಪ್ಯಾರಿಸ್ಸಿನಲ್ಲಿ ಸೈನಿಕರ ಉಡುಪುಗಳನ್ನು ಹೊಲಿಯಲು ಸ್ಥಾಪಿಸಿದ ಯಂತ್ರಗಳನ್ನು, ತಮ್ಮ ಅನ್ನಕ್ಕೆ ಸಂಚಕಾರ ಬಂದಿತೆಂದು ಅಲ್ಲಿನ ದರ್ಜಿಗಳು ನುಗ್ಗಿ ಒಡೆದುಹಾಕಿದರು. ಅಮೆರಿಕದಲ್ಲಿ ಎಲಿಯಾಸ್ ಹೋವ್ 1846ರಲ್ಲಿಯೂ ಐಸಾಕ್ ಸಿಂಗರ್ 1851ರಲ್ಲಿಯೂ ಸನ್ನದುಗಳನ್ನು ಪಡೆದರು. ಸಿಂಗರ್ ಕಂಪನಿಯು 1856ರಿಂದ ಕಂತುಗಳಲ್ಲಿ ಹಣ ತೆರುವ ಏರ್ಪಾಟನ್ನು ಮಾಡಿದ ಮೇಲೆ ಯಂತ್ರವು ಮಧ್ಯಮವರ್ಗದ ಮನೆಗಳನ್ನು ಪ್ರವೇಶಿಸಿತು. ಒಂದು ಅಂಗಿಯ ಉದ್ದುದ್ದ ಹೊಲಿಗೆಗಳಿಗೆ ದಿನವಿಡೀ ಹಿಡಿಯುತ್ತಿದ್ದ ಕಾಲವು ಗಂಟೆಗಳಿಗೆ ಇಳಿಯಿತು. ಆದರೆ ಯಂತ್ರ ಹೊಲಿಯಬಲ್ಲುದೇ ಹೊರತು ಕತ್ತರಿಸಲಾರದು. ಅಂದಿನ ಮಹಿಳಾ ಪತ್ರಿಕೆಗಳು ಹೆಬ್ಬೆರಳ ಗಾತ್ರದ ನಕ್ಷೆಗಳನ್ನು ಅಚ್ಚುಹಾಕಿ, ಓದುಗರೇ ಅವನ್ನು ಹಿಗ್ಗಿಸಿಕೊಳ್ಳಬೇಕೆಂದು ಬಿಟ್ಟುಬಿಡುತ್ತಿದ್ದುವು. 1867ರಲ್ಲಿ ಆರಂಭವಾದ ಹಾರ್ಪರ್ಸ್ ಬಜಾರ್ ಪತ್ರಿಕೆಯು ಜರ್ಮನಿಯ ಪದ್ಧತಿಯನ್ನನುಸರಿಸಿ, ಒಂದೇ ದೊಡ್ಡ ಹಾಳೆಯ ಮೇಲೆ ಹಲವು ಉಡುಪುಗಳ ರೇಖೆಗಳನ್ನು ಒಂದರ ಮೇಲೊಂದು ಅಚ್ಚುಮಾಡಿ ಪುರವಣಿಯಾಗಿ ಕೊಟ್ಟಿತು. ಆ ರೇಖಾರಣ್ಯದಲ್ಲಿ ಬೇಕಾದ ಗೆರೆಯನ್ನು ಹಿಡಿದು ಕೊನೆಮುಟ್ಟಿಸುವುದೇ ಒಂದು ಸಾಹಸವಾಗಿದ್ದಿತು. ನ್ಯೂಯಾರ್ಕಿನಲ್ಲಿ ಎಲೆನ್ ಡೆಮಾರೆಸ್ಟ್ ಎಂಬ ಮಹಿಳೆಯು ತನ್ನ ಪತಿಯೊಡನೆ 1860ರಿಂದ ಒಂದು ಫ್ಯಾಷನ್ ಪತ್ರಿಕೆಯನ್ನು ನಡೆಸುತ್ತ, ಪೂರ್ಣಾಕಾರದ ಕಾಗದದ ಮಾದರಿಗಳನ್ನು ಮಾರತೊಡಗಿದಳು. ತನ್ನ ಉದ್ಯಮದಲ್ಲಿ ಕಪ್ಪುಜನಾಂಗದ ಸ್ತ್ರೀಯರಿಗೂ ಬಿಳಿಯರಿಗೆ ಸಮನಾದ ಸ್ಥಾನವನ್ನು ಕೊಟ್ಟವಳೆಂಬ ಕೀರ್ತಿಯೂ ಅವಳಿಗೆ ಸಲ್ಲುತ್ತದೆ.

ಇಷ್ಟಾದರೂ ಮುಖ್ಯವಾದ ತೊಡಕು ಉಳಿದೇ ಇದ್ದಿತು: ಒಂದೇ ಅಳತೆಯ ಮಾದರಿ ಎಲ್ಲ ಮೈಗಳಿಗೂ ಹೇಗೆ ಒಪ್ಪೀತು? ಇದನ್ನು ಬಿಡಿಸಿದವನು ಮ್ಯಾಸಚೂಸೆಟ್ಸ್ ಪ್ರಾಂತದ ಸ್ಟರ್ಲಿಂಗ್ ಎಂಬ ಸಣ್ಣ ಊರಿನ ದರ್ಜಿ, ಎಬನೇಜರ್ ಬಟರಿಕ್. ಚಳಿಗಾಲದ ಒಂದು ದಿನ ಅವನ ಪತ್ನಿ ಎಲೆನ್ ತನ್ನ ಪುಟ್ಟ ಮಗನಿಗೆ ಅಂಗಿ ಹೊಲಿಯಲೆಂದು ಚೌಕಳಿಯ ಹತ್ತಿಬಟ್ಟೆಯನ್ನು ಊಟದ ಮೇಜಿನ ಮೇಲೆ ಹರಡಿ, ಮೇಣದ ಸೀಮೆಸುಣ್ಣದಿಂದ ಗೆರೆಯೆಳೆಯುತ್ತಿದ್ದಾಗ, ಮಗನ ಅಳತೆಗೇ ಸರಿಹೊಂದುವ ಮಾದರಿಯೊಂದಿದ್ದರೆ ಈ ಕೆಲಸ ಎಷ್ಟು ಹಗುರವಾಗುತ್ತಿತ್ತೆಂದು ಗಂಡನೊಡನೆ ಹೇಳಿದಳೆಂಬುದು ಆ ಕಂಪನಿಯು ಪರಂಪರೆಯಾಗಿ ಹೇಳಿಕೊಂಡು ಬಂದ ಕಥೆ. ಬಟರಿಕ್ ಮಾಡಿದುದು ಇಷ್ಟು: ಒಂದೇ ಉಡುಪನ್ನು ಕ್ರಮಾಗತವಾದ ಹಲವು ಅಳತೆಗಳಲ್ಲಿ ಬರೆದು, ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಕತ್ತರಿಸಿ ಮಾರಿದನು. 1863ರಲ್ಲಿ ಗಂಡಸರ ಮತ್ತು ಹುಡುಗರ ಅಂಗಿಗಳಿಂದ ಅವನ ವ್ಯಾಪಾರ ಆರಂಭವಾಯಿತು. ಇಟಲಿಯ ವೀರ ಗಾರಿಬಾಲ್ಡಿಯ ಉಡುಪನ್ನು ಹೋಲುವ ಹುಡುಗರ ಉಡುಪಿನ ಮಾದರಿಗೆ ಅಪಾರ ಬೇಡಿಕೆ ಬಂದಿತು. 1866ರಲ್ಲಿ ಸ್ತ್ರೀಯರ ಉಡುಪುಗಳೂ ಸೇರಿದುವು. ಮೊದಲು ಗಟ್ಟಿ ಕಾಗದದಲ್ಲಿದ್ದ ಮಾದರಿಯನ್ನು ಮಡಿಸಿ ಅಂಚೆಯಲ್ಲಿ ಕಳುಹಿಸುವುದು ಕಷ್ಟವಾಗಲು, ತೆಳುವಾದ ಟಿಶ್ಯೂ ಕಾಗದವನ್ನು ಆರಿಸಿಕೊಳ್ಳಲಾಯಿತು. ಅಲ್ಪವೆಂದು ತೋರುವ ಈ ಬದಲಾವಣೆಯ ಫಲ ಅಲ್ಪವಾಗಿರಲಿಲ್ಲ: ಪಟ್ಟಣದ ದರ್ಜಿಯ ಅಂಗಡಿಯೊಳಗೆ ಅಡಗಿದ್ದ ವಿದ್ಯೆ ಈಗ ಲಕೋಟೆಯೊಂದರಲ್ಲಿ ಅಡಕವಾಗಿ, ರೈಲುದಾರಿಯೂ ಅಂಚೆಯೂ ತಲಪುವ ದೂರದ ಹುಲ್ಲುಗಾವಲಿನ ಒಂಟಿಮನೆಗೂ ನಡೆದುಹೋಯಿತು.

ಆ ಕಾಲದ ಲಕೋಟೆಯನ್ನು ಬಿಚ್ಚಿದವರಿಗೆ ದೊರೆಯುತ್ತಿದ್ದುದು ಒಂದಕ್ಷರವೂ ಇಲ್ಲದ ಬರಿಯ ಕಾಗದದ ತುಂಡುಗಳು. ಅಚ್ಚಿನ ಬದಲಿಗೆ ಅವುಗಳಲ್ಲಿ ತೂತುಗಳಿದ್ದುವು, ಅಂಚಿನಲ್ಲಿ ಸಣ್ಣ ಕಚ್ಚುಗಳಿದ್ದುವು. ಇಂಥ ತೂತುಗಳ ಸಾಲನ್ನು ಬಟ್ಟೆಯ ಹಾಸಿನ ಎಳೆಗೆ ಸರಿಯಾಗಿ ಇಡಬೇಕು, ಇಂಥವು ಮಡಿಕೆಯ ಗುರುತು, ಇಂಥವು ಹೊಲಿಗೆಯ ಗೆರೆ, ಈ ಕಚ್ಚು ಆ ಕಚ್ಚನ್ನು ಸಂಧಿಸಬೇಕು ಎಂಬ ಸಂಕೇತವು ಬಲ್ಲವರಿಗೆ ಕೀರ್ತನೆಯ ಸ್ವರಲಿಪಿಯಂತಿದ್ದಿತು: ಅದನ್ನು ಓದಬಲ್ಲವರು, ರಚಿಸಿದವನನ್ನು ಎಂದೂ ಕಾಣದಿದ್ದರೂ, ಅವನು ಉದ್ದೇಶಿಸಿದುದನ್ನೇ ತಮ್ಮ ಕೈಯಿಂದ ಮತ್ತೆ ಸಾಧಿಸುತ್ತಿದ್ದರು. ಮಾದರಿಗಳ ಮಾರಾಟಕ್ಕೆಂದೇ ಹುಟ್ಟಿದ ಪತ್ರಿಕೆಗಳು ಸ್ವತಂತ್ರವಾದ ಘನತೆಯನ್ನೂ ಪಡೆದುವು. ಬಟರಿಕ್ ಸಂಸ್ಥೆಯು 1873ರಲ್ಲಿ ಆರಂಭಿಸಿದ ಡಿಲಿನಿಯೇಟರ್ ಪತ್ರಿಕೆಯನ್ನು 1907ರಿಂದ 1910ರವರೆಗೆ ಸಂಪಾದಿಸಿದವನು ಪ್ರಸಿದ್ಧ ಕಾದಂಬರಿಕಾರ ಥಿಯೊಡೋರ್ ಡ್ರೈಸರ್ ಎಂಬುದು ಅಮೆರಿಕದ ಸಾಹಿತ್ಯಚರಿತ್ರೆಯ ಸಂಗತಿಯೇ ಆಗಿದೆ. ಸ್ಕಾಟ್ಲೆಂಡಿನಿಂದ ಬಂದ ಜೇಮ್ಸ್ ಮೆಕಾಲ್ ಎಂಬ ದರ್ಜಿಯು 1870ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪಿಸಿದ ಸಂಸ್ಥೆಯು ಬಟರಿಕ್‌ಗೆ ಸಮರ್ಥ ಪ್ರತಿಸ್ಪರ್ಧಿಯಾಯಿತು.

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಬೇಸಗೆಯ ತೆಳುವಂಗಿಗೆ ಅದರ ಆಧುನಿಕ ರೂಪ ಬಂದಿತು. ಗಂಡಸರ ಷರ್ಟಿನ ಕಟ್ಟನ್ನು ಅನುಸರಿಸಿ, ಮುಂದೆ ಗುಂಡಿಗಳನ್ನೂ ಮೇಲೆ ಕಾಲರನ್ನೂ ಹೊಂದಿ, ಲಂಗದ ಮೇಲೆ ಪ್ರತ್ಯೇಕವಾಗಿ ತೊಡುವ ‘ಷರ್ಟ್‌ವೇಸ್ಟ್’ ಎಂಬ ಉಡುಪು, ಕಚೇರಿಗೂ ಶಾಲೆಗೂ ಕಾರ್ಖಾನೆಗೂ ದುಡಿಯಲು ಹೊರಟ ಹೊಸ ಪೀಳಿಗೆಯ ತರುಣಿಯರ ಲಾಂಛನವೇ ಆಯಿತು. ಲಾನ್, ವಾಯಿಲ್ ಮುಂತಾದ ನವುರಾದ ಹತ್ತಿಯಲ್ಲಿ ಮನೆಯಲ್ಲಿ ಹೊಲಿದುಕೊಂಡರೆ ಅದು ಅಗ್ಗ, ಒಗೆಯುವುದು ಸುಲಭ, ಒಂದು ಲಂಗಕ್ಕೆ ಮೂರು ಅಂಗಿಗಳಿದ್ದರೆ ಮೂರು ಉಡುಪುಗಳಿದ್ದಂತೆ. ಕಾಗದದ ಮಾದರಿಗೆ ಇದಕ್ಕಿಂತ ಅನುಕೂಲವಾದ ಉಡುಪು ಇನ್ನೊಂದಿರಲಿಲ್ಲ. ಆದರೆ ಅದೇ ಕಾಲದಲ್ಲಿ ನ್ಯೂಯಾರ್ಕಿನ ಕಾರ್ಖಾನೆಗಳೂ ಇದೇ ಅಂಗಿಯನ್ನು ಸಾವಿರಗಟ್ಟಲೆಯಾಗಿ ಹೊಲಿಯುತ್ತಿದ್ದುವು. ಅಲ್ಲಿ ದುಡಿಯುತ್ತಿದ್ದವರಲ್ಲಿ ಹೆಚ್ಚಿನವರು ಯೂರೋಪಿನಿಂದ ವಲಸೆ ಬಂದ ಎಳೆಯ ಯಹೂದಿ ಮತ್ತು ಇಟಾಲಿಯನ್ ಹೆಣ್ಣುಮಕ್ಕಳು. 1909ರಲ್ಲಿ ಕ್ಲಾರಾ ಲೆಮ್ಲಿಕ್ ಎಂಬ ತರುಣಿಯ ಕರೆಗೆ ಓಗೊಟ್ಟು ಸುಮಾರು 20,000 ಮಂದಿ ಹೊಲಿಗೆಗಾರ್ತಿಯರು ಮುಷ್ಕರ ಹೂಡಿದರು. ಅದರ ಮುಂದಿನ ವರ್ಷ ಕಳೆದು, 1911ರ ಮಾರ್ಚ್ 25ರಂದು, ಟ್ರಯಾಂಗಲ್ ಷರ್ಟ್‌ವೇಸ್ಟ್ ಕಾರ್ಖಾನೆಯ ಎಂಟನೆಯ ಅಂತಸ್ತಿನಲ್ಲಿ ಕತ್ತರಿಸುವ ಮೇಜಿನ ಕೆಳಗೆ ತುಂಬಿದ್ದ ಬಟ್ಟೆಯ ಚೂರುಗಳಿಗೆ ಬೆಂಕಿ ತಗುಲಿತು; ಮೇಜಿನ ಮೇಲ್ಗಡೆ ತೂಗುಹಾಕಿದ್ದ ಟಿಶ್ಯೂ ಕಾಗದದ ಮಾದರಿಗಳು ಧಗ್ಗನೆ ಉರಿದು ಜ್ವಾಲೆಯನ್ನು ಹರಡಿದುವು; ಹೊರಬಾಗಿಲೊಂದಕ್ಕೆ ಬೀಗ ಹಾಕಿತ್ತು. 146 ಜನ ಸತ್ತರು. ಮನೆಯಲ್ಲಿ ಸ್ವಾವಲಂಬನೆಯ ಸಾಧನವಾಗಿದ್ದ ಕಾಗದ ಮತ್ತು ತೆಳುಬಟ್ಟೆಗಳೇ, ಲಾಭದ ದುರಾಸೆ ಕಾವಲು ಕಾಯುತ್ತಿದ್ದ ಕಾರ್ಖಾನೆಯಲ್ಲಿ ಚಿತೆಯ ಸೌದೆಯಾದುವು. ಬೇಸಗೆಯ ಹಗುರವಾದ ಅಂಗಿಯ ಚರಿತ್ರೆಯನ್ನು ಬರೆಯುವವರು ಈ ಭಾರವನ್ನು ಮರೆಯಲಾಗದು. ನ್ಯೂಯಾರ್ಕ್ ಪ್ರಾಂತದ ಅಗ್ನಿರಕ್ಷಣೆಯ ಮತ್ತು ಕಾರ್ಮಿಕ ಹಿತದ ಶಾಸನಗಳು ಹಲವು ರೂಪುಗೊಂಡದ್ದು ಆ ಹೆಣ್ಣುಮಕ್ಕಳ ಮರಣದ ಬಳಿಕ.

ಮೊದಲ ಮಹಾಯುದ್ಧದ ತರುವಾಯ ಮಾದರಿಯ ಕಾಗದಕ್ಕೆ ಮಾತು ಬಂದಿತು. ಹೊಲಿಯುವ ಕ್ರಮವನ್ನು ಹಂತಹಂತವಾಗಿ ಚಿತ್ರಗಳ ಸಹಿತ ವಿವರಿಸುವ ಪ್ರತ್ಯೇಕ ಹಾಳೆಯನ್ನು ಬಟರಿಕ್ ಸಂಸ್ಥೆ ಲಕೋಟೆಯೊಳಗೆ ಸೇರಿಸಿತು. 1920ರ ದಶಕದ ಮೊದಲ ಭಾಗದಲ್ಲಿ ಮೆಕಾಲ್ ಸಂಸ್ಥೆಯು ಗೆರೆಗಳನ್ನೂ ಸೂಚನೆಗಳನ್ನೂ ಟಿಶ್ಯೂ ಕಾಗದದ ಮೇಲೆಯೇ ಅಚ್ಚುಹಾಕತೊಡಗಿತು. 1899ರಲ್ಲಿ ತನ್ನ ಮೊದಲ ಮಾದರಿಯನ್ನು ಓದುಗರ ಮುಂದಿಟ್ಟಿದ್ದ ವೋಗ್ ಪತ್ರಿಕೆ ಶ್ರೀಮಂತರ ಅಭಿರುಚಿಯನ್ನು ಪೋಷಿಸುತ್ತಿದ್ದರೆ, 1927ರಲ್ಲಿ ಜೋಸೆಫ್ ಶಪೀರೋ ಸ್ಥಾಪಿಸಿದ ಸಿಂಪ್ಲಿಸಿಟಿ ಸಂಸ್ಥೆಯು 15 ಸೆಂಟಿಗೆ ಮಾದರಿಯನ್ನು ಮಾರಿ ಬಡವರ ಮನೆಗಳಿಗೆ ಪ್ರವೇಶಿಸಿತು. ಎರಡೇ ವರ್ಷಗಳಲ್ಲಿ ಬಂದೆರಗಿದ ಆರ್ಥಿಕ ಮುಗ್ಗಟ್ಟಿನಲ್ಲಿ ಈ ಅಗ್ಗದ ಕಾಗದ ಎಷ್ಟೋ ಸಂಸಾರಗಳ ಮಾನ ಕಾಪಾಡಿತು. ಹಿಟ್ಟು, ಕೋಳಿಯ ಮೇವು ತುಂಬಿ ಬರುತ್ತಿದ್ದ ಹತ್ತಿಯ ಚೀಲಗಳನ್ನು ರೈತಾಪಿ ಹೆಂಗಸರು ಬಿಚ್ಚಿ ಅಂಗಿ ಲಂಗಗಳನ್ನು ಹೊಲಿಯುವುದನ್ನು ಕಂಡ ಚೀಲದ ಕಂಪನಿಗಳು, ಅವುಗಳ ಮೇಲೆ ಹೂಬಳ್ಳಿಗಳನ್ನು ಅಚ್ಚುಮಾಡತೊಡಗಿದುವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡು 1941ರ ಜೂನ್ 1ರಿಂದ ಬಟ್ಟೆಗೆ ಪಡಿತರವನ್ನು ವಿಧಿಸಿ, ಮೊದಲ ವರ್ಷಕ್ಕೆ ತಲೆಗೆ 66 ಕೂಪನುಗಳನ್ನು ಗೊತ್ತುಮಾಡಿತು. ಅಮೆರಿಕವು 1942ರಲ್ಲಿ ಉಡುಪಿಗೆ ಬಳಸುವ ಬಟ್ಟೆಯ ಅಳತೆಯನ್ನು ಆಜ್ಞೆಯಿಂದ ನಿಯಂತ್ರಿಸಿತು. ಈ ನಿರ್ಬಂಧಗಳ ಗುರುತು ಅಂದಿನ ಮಾದರಿಗಳಲ್ಲಿ ಸ್ಪಷ್ಟವಾಗಿದೆ: ಅನಾವಶ್ಯಕವಾದ ನೆರಿಗೆಯಿಲ್ಲ, ಅಗಲವಾದ ಮಡಿಕೆಯಿಲ್ಲ, ಕಡಮೆ ಬಟ್ಟೆಯಲ್ಲಿಯೇ ಅಂಗಿ ಮುಗಿಯಬೇಕು.

ಹಳೆಯ ಮಾದರಿಗಳನ್ನು ಅರಸುವವರು ಇಂದು ಬಹುವಾಗಿ ಮೆಚ್ಚುವ ಬೇಸಗೆಯ ಅಂಗಿಗಳು ಈ ಯುದ್ಧಕಾಲದವು ಮತ್ತು ಅದರ ಮುಂದಿನ ದಶಕದವು. ಅವುಗಳಲ್ಲಿ ಒಂದು ಬಗೆಯಲ್ಲಿ ತೋಳೂ ಮೈಯೂ ಬೇರೆಬೇರೆಯಾಗಿರದೆ ಒಂದೇ ತುಂಡಿನಲ್ಲಿ ಕತ್ತರಿಸಲ್ಪಡುತ್ತವೆ. ಇದನ್ನು ಜಪಾನಿನ ಕಿಮೋನೊ ಉಡುಪಿನ ಹೆಸರಿನಿಂದ ಕರೆದರು. ಕೈಯೆತ್ತಿದಾಗ ಜಗ್ಗದಂತೆ ಕಂಕುಳಲ್ಲಿ ಚೌಕಾಕಾರದ ಸಣ್ಣ ತುಂಡೊಂದನ್ನು ಓರೆಯಾಗಿ, ನಮ್ಮ ದರ್ಜಿಗಳು ಕ್ರಾಸ್ ಎನ್ನುವ ರೀತಿಯಲ್ಲಿ, ಕೂಡಿಸುವುದುಂಟು. ಸೊಂಟದಲ್ಲಿ ಕೊಂಚ ಹಿಡಿದು, ಹೆಗಲಲ್ಲಿ ಸಡಿಲವಾಗಿ, ಬೆವರಿಗೂ ಗಾಳಿಗೂ ಎಡೆಗೊಟ್ಟು ನಿಲ್ಲುವ ಈ ರಚನೆಯಲ್ಲಿ ಕೇವಲ ಮೂರು ನಾಲ್ಕು ತುಂಡುಗಳಿಂದ ಎಷ್ಟು ಸಾಧ್ಯವಾಗಿದೆಯೆಂಬುದನ್ನು ಕಂಡರೆ ಕತ್ತರಿಸಿದ ಬುದ್ಧಿಯ ಮೇಲೆ ಗೌರವ ಮೂಡುತ್ತದೆ.

ಇಂಥ ಮಾದರಿಯನ್ನು ಇಂದು ಬಳಸುವವರು ಕೆಲವು ವಿಷಯಗಳನ್ನು ತಿಳಿದಿರಬೇಕು. ಲಕೋಟೆಯ ಮೇಲಿನ ಅಂಕೆಯನ್ನು ಇಂದಿನ ಅಂಗಡಿಯ ಅಂಕೆಯೆಂದು ಭಾವಿಸಬಾರದು. 1940ರ ದಶಕದಲ್ಲಿ 14 ಎಂದರೆ ಎದೆಯ ಸುತ್ತಳತೆ 32 ಅಂಗುಲ. 1950ರ ದಶಕದ ಮಧ್ಯದಲ್ಲಿ ಅದು 34 ಆಯಿತು. 1960ರ ದಶಕದ ಕೊನೆಗೆ 36 ಆಯಿತು. ಆದುದರಿಂದ ನಂಬಬೇಕಾದುದು ಲಕೋಟೆಯ ಹಿಂದೆ ಕೊಟ್ಟಿರುವ ಎದೆಯಳತೆಯನ್ನೇ. ಎರಡನೆಯದಾಗಿ, ಮೂಲ ಕಾಗದವನ್ನು ಬಟ್ಟೆಗೆ ಚುಚ್ಚಿ ಕತ್ತರಿಸಬಾರದು. ಅರ್ಧಶತಮಾನಕ್ಕೂ ಹಳೆಯದಾದ ಟಿಶ್ಯೂ ಒಣಗಿದ ಎಲೆಯಷ್ಟು ಸೂಕ್ಷ್ಮವಾದುದು. ಬೇರೆ ಕಾಗದದ ಮೇಲೆ ಅದರ ಗೆರೆ, ಕಚ್ಚು, ತೂತುಗಳನ್ನೆಲ್ಲ ನಕಲು ಮಾಡಿಕೊಂಡು, ಮೂಲವನ್ನು ಮಡಿಸಿ ಲಕೋಟೆಗೆ ಮರಳಿಸುವುದು ವಿವೇಕ. ಮೂರನೆಯದಾಗಿ, ಅಂದಿನ ಒಳಉಡುಪುಗಳು ಮೈಯನ್ನು ಬೇರೆ ಆಕಾರಕ್ಕೆ ಬಿಗಿಯುತ್ತಿದ್ದುದರಿಂದ, ಮೊದಲು ಅಗ್ಗದ ಕೋರಾ ಬಟ್ಟೆಯಲ್ಲಿ ಹೊಲಿದು ನೋಡಿ, ಡಾರ್ಟುಗಳ ಜಾಗವನ್ನೂ ನಡುವಿನ ಎತ್ತರವನ್ನೂ ತಿದ್ದಿಕೊಳ್ಳಬೇಕು. ತೆಳುಬಟ್ಟೆಯನ್ನು ಕತ್ತರಿಸುವ ಮೊದಲು ನೀರಿನಲ್ಲಿ ನೆನೆಸಿ ಒಣಗಿಸಿದರೆ ಮುಂದೆ ಕುಗ್ಗುವ ಭಯವಿಲ್ಲ. ಹಾಸಿನ ಎಳೆ ಕಾಗದದ ಗುರುತಿಗೆ ನೇರವಾಗಿ ಬರದಿದ್ದರೆ ಅಂಗಿ ಒಂದೆರಡು ಒಗೆತದಲ್ಲೇ ತಿರುಚಿಕೊಳ್ಳುತ್ತದೆ. ವಾಯಿಲ್, ಮಲ್‌ಮಲ್‌ಗಳಲ್ಲಿ ಹೊಲಿಗೆಯ ಅಂಚು ಹೊರಗಿನಿಂದ ಕಾಣುವುದರಿಂದ, ಮೊದಲು ಹೊರಮೈಯಲ್ಲಿ ಸಣ್ಣದಾಗಿ ಹೊಲಿದು, ಅಂಚನ್ನು ಕತ್ತರಿಸಿ, ತಿರುವಿ, ಒಳಮೈಯಲ್ಲಿ ಇನ್ನೊಮ್ಮೆ ಹೊಲಿದು ಆ ಅಂಚನ್ನು ಮುಚ್ಚಿಬಿಡಬೇಕು. ಈ ಯಾವ ಕೆಲಸದಲ್ಲಿಯೂ ಅವಸರ ಸಲ್ಲದು. ತಾಳ್ಮೆಗೆ ಪ್ರತಿಯಾಗಿ ದೊರೆಯುವ ಅಂಗಿಯು ಹತ್ತಾರು ಬೇಸಗೆಗಳಿಗೆ ಬಾಳುತ್ತದೆ.

ನಮ್ಮ ನಾಡಿನಲ್ಲಿ ಸೂಜಿಯ ಕೆಲಸಕ್ಕೆ ಗೌರವದ ಸ್ಥಾನವಿದ್ದುದಕ್ಕೆ ಹನ್ನೆರಡನೆಯ ಶತಮಾನದ ಶರಣರ ನಡುವೆ ಸೂಜಿಕಾಯಕದ ರಾಮಿತಂದೆಯ ಹೆಸರಿರುವುದೇ ಸಾಕ್ಷಿ. ಗುಳೇದಗುಡ್ಡದ ಖಣವು ಕುಪ್ಪಸಕ್ಕೆಂದೇ ನೇಯಲ್ಪಟ್ಟ ವಸ್ತ್ರ. ಅಲ್ಲಿ ಅಳತೆಯ ವಿವೇಕ ಮಗ್ಗದಿಂದಲೇ ಮೊದಲಾಗುತ್ತದೆ. ಯಂತ್ರಗಳ ವಿಷಯದಲ್ಲಿ ಅತ್ಯಂತ ಎಚ್ಚರಿಕೆಯುಳ್ಳವರಾಗಿದ್ದ ಗಾಂಧೀಜಿಯವರು ಕೂಡ, 1924ರಲ್ಲಿ ಈ ಕುರಿತು ಪ್ರಶ್ನೆ ಬಂದಾಗ, ಸಿಂಗರ್ ಹೊಲಿಗೆಯಂತ್ರವನ್ನು ಮನುಷ್ಯನಿಗೆ ನಿಜವಾಗಿ ಉಪಕಾರಿಯಾದ ಕೆಲವೇ ಯಂತ್ರಗಳಲ್ಲಿ ಒಂದೆಂದು ಒಪ್ಪಿ, ಪತ್ನಿಯ ಶ್ರಮವನ್ನು ನೋಡಲಾರದೆ ಸಿಂಗರ್ ಅದನ್ನು ನಿರ್ಮಿಸಿದನೆಂದು ಪ್ರೀತಿಯಿಂದ ಹೇಳಿದರು. ಆದರೆ ಕಾಗದದ ಮಾದರಿಯನ್ನು ಅಂಗಡಿಯಲ್ಲಿ ಕೊಳ್ಳುವ ಪದ್ಧತಿ ನಮ್ಮಲ್ಲಿ ವ್ಯಾಪಕವಾಗಿ ಬೇರೂರಲಿಲ್ಲ. ಬೀದಿಬೀದಿಗೂ ದರ್ಜಿಯಿದ್ದನು, ಅವನಿಗೆ ಹಳೆಯ ರವಿಕೆಯೊಂದನ್ನು ಅಳತೆಗೆ ಕೊಟ್ಟರೆ ಸಾಕಾಗುತ್ತಿತ್ತು. ಹೊಲಿಗೆ ಕಲಿಯಬಯಸಿದ ಹೆಣ್ಣುಮಕ್ಕಳು ತರಗತಿಗಳಿಗೆ ಹೋಗಿ, ತಾವೇ ಅಳತೆಯಿಟ್ಟು ಗೆರೆಯೆಳೆದು ಪೇಪರ್ ಕಟಿಂಗ್ ಮಾಡಿ, ಚಿಕ್ಕ ಪ್ರಮಾಣದ ಆ ಕಾಗದಗಳನ್ನು ದಾಖಲೆಯ ಪುಸ್ತಕದಲ್ಲಿ ಅಂಟಿಸಿಕೊಂಡರು. ಅಮೆರಿಕದ ಗೃಹಿಣಿಗೆ ಲಕೋಟೆಯಲ್ಲಿ ಬಂದ ವಿದ್ಯೆ, ಕನ್ನಡದ ಗೃಹಿಣಿಗೆ ಅವಳ ಕೈಯಿಂದಲೇ ಬರೆದ ಪುಸ್ತಕದಲ್ಲಿ ಬಂದಿತು.

ಅಮೆರಿಕದ ರೋಡ್ ಐಲೆಂಡ್ ವಿಶ್ವವಿದ್ಯಾನಿಲಯದಲ್ಲಿ ಹಳೆಯ ಮಾದರಿಗಳ ಬೃಹತ್ ಸಂಗ್ರಹವೊಂದಿದೆ. ರಂಗಭೂಮಿಗೆ ಉಡುಪುಗಳನ್ನು ಸಿದ್ಧಪಡಿಸುತ್ತಿದ್ದ ಬೆಟ್ಟಿ ವಿಲಿಯಮ್ಸ್ ಕೂಡಿಹಾಕಿದ ಮಾದರಿಗಳು ಅದರಲ್ಲಿ ಸೇರಿವೆ; ನಾಟಕ ವಿಭಾಗದ ಅಧ್ಯಾಪಕಿಯಾಗಿದ್ದ ಜಾಯ್ ಸ್ಪ್ಯಾನಬಲ್ ಎಮರಿ ಅವರು ಅದನ್ನು ಪೋಷಿಸಿ, ಮಾದರಿಯ ಉದ್ಯಮದ ಚರಿತ್ರೆಯನ್ನೂ ಗ್ರಂಥರೂಪದಲ್ಲಿ ಬರೆದರು. ಸಾಮಾನ್ಯ ಜನರು ನಿಜವಾಗಿ ಏನನ್ನು ತೊಟ್ಟರು, ಎಷ್ಟು ಬಟ್ಟೆಯಲ್ಲಿ, ಎಷ್ಟು ಶ್ರಮದಿಂದ ಎಂಬ ಪ್ರಶ್ನೆಗಳಿಗೆ ಅರಮನೆಯ ಚಿತ್ರಗಳಿಗಿಂತ ಹೆಚ್ಚಿನ ಉತ್ತರ ಆ ಕಾಗದಗಳಲ್ಲಿದೆ. ನಮ್ಮ ಮನೆಗಳಲ್ಲಿಯೂ ತಾಯಂದಿರು, ಅಜ್ಜಿಯರು ಬರೆದಿಟ್ಟ ಹೊಲಿಗೆಯ ದಾಖಲೆ ಪುಸ್ತಕಗಳು ಕಬ್ಬಿಣದ ಟ್ರಂಕುಗಳಲ್ಲಿ ಇನ್ನೂ ಇರಬಹುದು. ಅವನ್ನು ರದ್ದಿಯ ತಕ್ಕಡಿಗೆ ಹಾಕುವ ಮುನ್ನ ಒಮ್ಮೆ ಬಿಚ್ಚಿ ನೋಡಿರಿ. ಬರೆದವರ ಹೆಸರನ್ನೂ ವರ್ಷವನ್ನೂ ಮೊದಲ ಪುಟದಲ್ಲಿ ಗುರುತಿಸಿರಿ. ಸಾಧ್ಯವಾದರೆ ಅದರೊಳಗಿನ ಒಂದು ಅಂಗಿಯನ್ನಾದರೂ ಅಳತೆಗೆ ಹಿಗ್ಗಿಸಿ, ಈ ಬೇಸಗೆಗೆ ಹತ್ತಿಯಲ್ಲಿ ಹೊಲಿದುಕೊಳ್ಳಿರಿ. ವಿದ್ಯೆ ಪುಸ್ತಕದಲ್ಲಿ ಸುರಕ್ಷಿತವಾಗಿದ್ದರೆ ಸಾಲದು. ಅದು ಕೈಯಿಂದ ಕೈಗೆ ಬಂದಾಗಲೇ ಉಳಿದೀತು.